ಟಿವಿಗೆ ಚೆಂಡುಹೂವಿನ ಹಾರ

ಮೊನ್ನೆ ರಾತ್ರಿ ಊಟ ಮುಗಿಸಿ ಪಾತ್ರೆ ಬೋರಲು ಹಾಕುವ ಹೊತ್ತಿಗೆ ಫೋನ್ ಬಂತು. ನಾನು ಮೊದಲಿದ್ದ ಶಾಲೆಯ ಈಗಿನ ಮೇಡಂ. ಒಳ್ಳೆ ಹುಡುಗಿ. ಸರ್ವೀಸಿಗೆ ಬಂದು ಇನ್ನೂ ಮೂರು ವರ್ಷ ಆಗಿಲ್ಲ, ಆಗಲೇ ಇನ್‌ಚಾರ್ಜ್ ಅವಳ ತಲೆಗೆ ಕಟ್ಟಿದ್ದಾರೆ.

"ಮೇಡಂ, ಗ್ರೂಪಲ್ಲಿ ಮೆಸೇಜ್ ಬಂದಿದೆ. ಪರೀಕ್ಷಾ ಪೇ ಚರ್ಚಾ ಲೈವ್ ತೋರಿಸ್ಬೇಕಂತೆ. ಫೋಟೋ ಹಾಕ್ಬೇಕಂತೆ. ಎಷ್ಟು ಮಕ್ಕಳು ನೋಡಿದ್ರು ಅಂತ ಸಂಜೆಯೊಳಗೆ ಲಿಂಕಲ್ಲಿ ತುಂಬಬೇಕಂತೆ. ನೀವು ಆವಾಗ ಹೇಗೆ ಮಾಡಿದ್ರಿ?"

ಪರೀಕ್ಷಾ ಪೇ ಚರ್ಚಾ ಅಂದರೆ ಪರೀಕ್ಷೆಯ ಬಗ್ಗೆ ಪ್ರಧಾನಿ ಮಕ್ಕಳ ಜೊತೆ ಟಿವಿಯಲ್ಲಿ ಮಾತಾಡುವುದು. ಆವಾಗ ಅಂದರೆ 2014ರ ಸೆಪ್ಟೆಂಬರ್ 5, ಹೀಗೇ ಪ್ರಧಾನಿಯ ಮಾತನ್ನು ಶಾಲೆಯಲ್ಲಿ ಟಿವಿ ಇಟ್ಟು ತೋರಿಸಿದ ದಿನ. ಆ ಕಥೆಯನ್ನು ಊಟದ ಬಿಡುವಿನಲ್ಲಿ ಯಾರೋ ಅವಳಿಗೆ ಹೇಳಿದ್ದಾರೆ. ಅದರಲ್ಲೂ ಟಿವಿಗೆ ಹಾರ ಹಾಕಿದ ಭಾಗವನ್ನು ಚೆನ್ನಾಗಿ ಹೇಳಿದ್ದಾರೆ. ಫೋನಿನಲ್ಲಿ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳು. ಆ ವರ್ಷ 81 ಮಕ್ಕಳು, ನಾಲ್ಕು ಜನ ಟೀಚರು. ಹೆಡ್‌ಮಾಸ್ಟರು ಹಿಂದಿನ ಮೇ ತಿಂಗಳಲ್ಲಿ ನಿವೃತ್ತಿ ಆಗಿದ್ದರು. ಸೀನಿಯರ್ ಅಂತ ಬೀರುವಿನ ಬೀಗದ ಕೈ ನನ್ನ ಸೊಂಟಕ್ಕೆ ಬಂದಿತ್ತು.

ಅದೇ ಮೇನಲ್ಲಿ ನರೇಂದ್ರ ಮೋದಿ ಪ್ರಧಾನಿ ಆಗಿದ್ದರು. ಶಿಕ್ಷಕರ ದಿನ ಅವರು ದೇಶದ ಎಲ್ಲ ಶಾಲೆ ಮಕ್ಕಳ ಜೊತೆ ಮಾತಾಡುತ್ತಾರೆ, ದೆಹಲಿಯ ಮಾಣೆಕ್‌ಶಾ ಸಭಾಂಗಣದಿಂದ, ಮಧ್ಯಾಹ್ನ 3 ಗಂಟೆಯಿಂದ 4.45ರ ತನಕ ಅಂತ ಸುತ್ತೋಲೆ ಬಂತು. ಟಿವಿ ಇಲ್ಲದಿದ್ದರೆ ಟಿವಿ ತರಿಸಿ, ಪ್ರೊಜೆಕ್ಟರ್ ಇದ್ದರೆ ಅದನ್ನು ಹಾಕಿ, ಏನೂ ಆಗದಿದ್ದರೆ ರೇಡಿಯೋ ಕೇಳಿಸಿ. ಪೇಪರಿನಲ್ಲಿ ಬೇರೆಯೇ ಗಲಾಟೆ. ಬೆಳಗ್ಗೆ ಶಾಲೆ ನಡೆಸಿ ಮಧ್ಯಾಹ್ನ ಬಿಡುವ ಊರುಗಳಲ್ಲಿ ಮಕ್ಕಳನ್ನು ಸಂಜೆವರೆಗೆ ಕೂರಿಸುವುದು ಹೇಗೆ ಅಂತ ತಂದೆತಾಯಿಯರ ತಕರಾರು. ಪಶ್ಚಿಮ ಬಂಗಾಳದವರು ಮೊದಲೇ ಮುಖ ತಿರುಗಿಸಿದ್ದರು. ತಮಿಳುನಾಡಿನಲ್ಲಿ ಶಿಕ್ಷಕರ ದಿನಕ್ಕೆ ಜೋಡಿಸಿದ 'ಗುರು ಉತ್ಸವ' ಅನ್ನುವ ಹೆಸರಿನ ಮೇಲೇ ಸಿಟ್ಟು. ಕೊನೆಗೆ ಆಗಿನ ಸಚಿವೆ ಸ್ಮೃತಿ ಇರಾನಿ, ಇದು ಕಡ್ಡಾಯ ಅಲ್ಲ, ಇಷ್ಟ ಇದ್ದವರು ತೋರಿಸಬಹುದು ಅಂದರು.

ಕಡ್ಡಾಯ ಅಲ್ಲ ಅನ್ನುವುದು ದೆಹಲಿಯಲ್ಲಿ ಹೊರಟಾಗ ಹಾಗೇ ಇರುತ್ತದೆ. ನಮ್ಮ ಊರಿಗೆ ಬರುವಾಗ ದಾರಿಯಲ್ಲಿ 'ಅಲ್ಲ' ಎಲ್ಲೋ ಬಿದ್ದುಹೋಗುತ್ತದೆ. ನನ್ನ ಕೈಗೆ ಬಂದಿದ್ದು ಒಂದು ನಮೂನೆ. ವೀಕ್ಷಿಸಿದ ಗಂಡುಮಕ್ಕಳು, ಹೆಣ್ಣುಮಕ್ಕಳು, ಒಟ್ಟು. ಬಳಸಿದ ಉಪಕರಣ. ಮುಖ್ಯಶಿಕ್ಷಕರ ಸಹಿ, ಮೊಹರು. ತೋರಿಸದಿದ್ದರೆ ಏನು ಬರೆಯಬೇಕು ಅನ್ನುವುದಕ್ಕೆ ಜಾಗವೇ ಇರಲಿಲ್ಲ.

ನಮ್ಮಂಥವರ ಪಾಡು ಬೇರೆ. ಮಾತಾಡುವವರು ಕೇಂದ್ರದವರು, ಸಂಬಳ ಕೊಡುವವರು ರಾಜ್ಯದವರು. ಆಗ ರಾಜ್ಯದಲ್ಲಿ ಸಿದ್ದರಾಮಯ್ಯನವರ ಸರ್ಕಾರ. ಏಪ್ರಿಲ್‌ನಲ್ಲಷ್ಟೇ ಲೋಕಸಭೆಗೆ ಓಟು ಹಾಕಿಸಿ ನಾವೇ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದೆವು. ಚಾಮರಾಜನಗರದಿಂದ ಗೆದ್ದವರು ಕಾಂಗ್ರೆಸ್ಸಿನ ಧ್ರುವನಾರಾಯಣ. ಊರಿನಲ್ಲಿ ಎರಡೂ ಕಡೆಯವರು ಇದ್ದರು. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆ ಕರೆದರೆ ಒಬ್ಬರು, "ಯಾನ ಮೇಡಮ್ಮೋರೆ, ಸ್ಕೂಲ್ನೂ ಪಾರ್ಟಿ ಆಪೀಸ್ ಮಾಡ್ಬುಟ್ರಾ?" ಅಂದರು. ಇನ್ನೊಬ್ಬರು, "ದೇಸದ ಪ್ರಧಾನಿ ಕನ ಅವ್ರು, ನಿಮ್ಮ ಪಾರ್ಟಿ ನಮ್ಮ ಪಾರ್ಟಿ ಅಂತ ಎಲ್ಲಿ ಬತ್ತು?" ಅಂದರು. ನಾನು ಟೀ ತರಿಸಿದೆ. ಟೀ ಕುಡಿಯುವ ಹೊತ್ತಿನಲ್ಲಿ ಇಬ್ಬರೂ ಸ್ವಲ್ಪ ತಣ್ಣಗಾದರು. ಮೊದಲನೆಯವರು ಹೋಗುವಾಗ, "ತೋರ್ಸಿ, ಆದ್ರೆ ಚಪ್ಪಾಳೆ ತಟ್ಟಿಸ್ಬೇಡಿ" ಅಂದು ಹೋದರು. ಈಗಲೂ ಆ ಮಾತು ನೆನೆದರೆ ನಗು ಬರುತ್ತದೆ. ಆದರೆ ಅದರಷ್ಟು ಸರಿಯಾದ ಸೂಚನೆಯನ್ನು ನನಗೆ ಯಾವ ಕಚೇರಿಯೂ ಕೊಡಲಿಲ್ಲ.

ನನ್ನ ತಂಗಿ ಟೆಕ್ಸಾಸ್‌ನಲ್ಲಿದ್ದಾಳೆ. ಅಲ್ಲಿ 2009ರ ಸೆಪ್ಟೆಂಬರ್ 8ರಂದು ಒಬಾಮ ಹೀಗೇ ಶಾಲೆ ಮಕ್ಕಳನ್ನು ಉದ್ದೇಶಿಸಿ ಮಾತಾಡಿದ್ದರು, ವರ್ಜೀನಿಯಾದ ಆರ್ಲಿಂಗ್ಟನ್‌ನ ವೇಕ್‌ಫೀಲ್ಡ್ ಹೈಸ್ಕೂಲಿನಿಂದ. ಆಗ ಅವಳ ಮಗ ನಾಲ್ಕನೇ ಕ್ಲಾಸು. ಶಾಲೆಯಿಂದ ಮನೆಗೆ ಚೀಟಿ ಬಂದಿತ್ತಂತೆ: ನಿಮ್ಮ ಮಗ ಈ ಭಾಷಣ ನೋಡುವುದು ಬೇಡ ಅನ್ನಿಸಿದರೆ ಸಹಿ ಮಾಡಿ ಕಳಿಸಿ, ಅವನನ್ನು ಲೈಬ್ರರಿಯಲ್ಲಿ ಕೂರಿಸುತ್ತೇವೆ. ಅಕ್ಕಪಕ್ಕದ ಮನೆಯವರು ಮಕ್ಕಳಿಗೆ ಏನೇನೋ ತಲೆಗೆ ತುಂಬುತ್ತಾರೆ ಅಂತ ಹೌಹಾರಿದ್ದರಂತೆ. ಪ್ರಧಾನ ಕಾರಣ, ಶಿಕ್ಷಣ ಇಲಾಖೆಯವರು ಕಳಿಸಿದ ಪಾಠದ ಟಿಪ್ಪಣಿಯಲ್ಲಿ 'ಅಧ್ಯಕ್ಷರಿಗೆ ನಾನು ಹೇಗೆ ಸಹಾಯ ಮಾಡಬಹುದು' ಅಂತ ಮಕ್ಕಳಿಂದ ಪತ್ರ ಬರೆಸಿ ಎಂಬ ಒಂದು ಸಾಲು ಇತ್ತು. ಗಲಾಟೆಯಾದ ಮೇಲೆ ಅದನ್ನು ತಿದ್ದಿದರು. ಭಾಷಣವನ್ನು ಹಿಂದಿನ ದಿನವೇ ಎಲ್ಲರೂ ಓದಲಿ ಅಂತ ಹೊರಗೆ ಬಿಟ್ಟರು. ಓದಿದರೆ ಏನಿತ್ತು? ಓದಿ, ಕಷ್ಟಪಡಿ, ಶಾಲೆ ಬಿಡಬೇಡಿ. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಇಲ್ಲ. 1991ರಲ್ಲಿ ಆಗಿನ ಅಧ್ಯಕ್ಷ ದೊಡ್ಡ ಬುಷ್ ಒಂದು ಶಾಲೆಯಿಂದ ಹೀಗೆ ಮಾತಾಡಿದಾಗ ಇದೇ ಒಬಾಮ ಪಕ್ಷದವರು, ಸರ್ಕಾರದ ದುಡ್ಡಿನಲ್ಲಿ ಪ್ರಚಾರ ಅಂತ ಕೂಗಾಡಿದ್ದರಂತೆ. ಊರು ಯಾವುದಾದರೇನು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ.

2009ರಲ್ಲಿ ತಂಗಿ ಇದನ್ನು ಹೇಳಿದಾಗ ನಾನು, "ಒಂದು ಭಾಷಣಕ್ಕೆ ಚೀಟಿಯಾ? ನಿಮ್ಮದು ಜಾಸ್ತಿ ಆಯ್ತು" ಅಂದಿದ್ದೆ. ಐದು ವರ್ಷದ ನಂತರ ಆ ನಮೂನೆ ಹಿಡಿದುಕೊಂಡು ಕೂತಾಗ ಆ ಚೀಟಿ ನೆನಪಾಯಿತು.

ಇನ್ನು ಟಿವಿ ವಿಚಾರ. ನಮ್ಮ ಶಾಲೆಯಲ್ಲಿ ಟಿವಿ ಇರಲಿಲ್ಲ ಅಂತಲ್ಲ. ಇತ್ತು. 2004ರಲ್ಲಿ ಇಸ್ರೋದವರು ಎಜುಸ್ಯಾಟ್ ಅಂತ ಪಾಠಕ್ಕೆಂದೇ ಒಂದು ಉಪಗ್ರಹ ಹಾರಿಸಿದರಲ್ಲ, ಆಗ ನಮ್ಮ ಚಾಮರಾಜನಗರ ಜಿಲ್ಲೆಯನ್ನೇ ಆರಿಸಿಕೊಂಡು 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಡಿಶ್, ಟಿವಿ ಕೊಟ್ಟಿದ್ದರು. ಆಗ ನಮ್ಮ ಮಕ್ಕಳ ಹೆಮ್ಮೆ ನೋಡಬೇಕಿತ್ತು. ಬೆಂಗಳೂರಿನ ಮಕ್ಕಳಿಗೂ ಇಲ್ಲದ್ದು ನಮಗಿದೆ ಅಂತ. ಕನ್ನಡದಲ್ಲಿ ಪಾಠ, ನಮ್ಮದೇ ಪುಸ್ತಕದ ಪಾಠ. ಮಗುವಿನ ಭಾಷೆಯಲ್ಲಿ ಟಿವಿ ಮಾತಾಡಿದರೆ ಏನಾಗುತ್ತದೆ ಅಂತ ಆಗ ಕಣ್ಣಾರೆ ನೋಡಿದ್ದೇನೆ. ಆಮೇಲೆ ರಿಪೇರಿಗೆ ಯಾರೂ ಬರಲಿಲ್ಲ, 2010ರಲ್ಲಿ ಉಪಗ್ರಹದ ಆಯಸ್ಸೂ ಮುಗಿಯಿತು. 2014ರ ಹೊತ್ತಿಗೆ ಟಿವಿ ಡಬ್ಬಾದ ಮೇಲೆ ನಾವು ಹಾಜರಿ ಪುಸ್ತಕ ಇಡುತ್ತಿದ್ದೆವು. ಮಾಳಿಗೆ ಮೇಲಿನ ಡಿಶ್‌ಗೆ ಅಡುಗೆ ಅಕ್ಕ ಹೀರೇಕಾಯಿ ಬಳ್ಳಿ ಹಬ್ಬಿಸಿದ್ದಳು. ಆ ಬಳ್ಳಿಯ ಹೀರೇಕಾಯಿ ಬಿಸಿಯೂಟದ ಸಾಂಬಾರಿಗೆ ಎಷ್ಟೋ ಸಲ ಬಿದ್ದಿದೆ. ಎಜುಸ್ಯಾಟ್‌ನಿಂದ ಕೊನೆಗೂ ಉಪಯೋಗ ಆಯಿತು.

ಹಾಗಾಗಿ ಹಾಲಿನ ಡೈರಿ ಸೆಕ್ರೆಟರಿ ಮನೆಯ ಟಿವಿ ಕೇಳಿದೆವು. ಹಳೇ ದಪ್ಪ ಟಿವಿ. ಕಂಬಳಿ ಸುತ್ತಿ, ಟಿವಿಎಸ್ ಗಾಡಿಯಲ್ಲಿ ಹಿಂದೆ ಒಬ್ಬ ತಬ್ಬಿಕೊಂಡು ಕೂತು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಹಾಗೆ ತಂದರು. ಆ ವರ್ಷ ಗಣೇಶನ ಹಬ್ಬ ಆಗಸ್ಟ್ 29ಕ್ಕೆ ಬಂದಿತ್ತು. ಊರ ಗಣಪತಿಯನ್ನು ಅನಂತನ ಚತುರ್ದಶಿಗೆ, ಅಂದರೆ ಸೆಪ್ಟೆಂಬರ್ 8ಕ್ಕೆ, ಬಿಡುವುದಿತ್ತು. ಪೆಂಡಾಲ್ ಇನ್ನೂ ನಿಂತಿತ್ತು. ಅಲ್ಲಿ ಸೌಂಡ್ ಸರ್ವೀಸಿನ ಹುಡುಗ ಇದ್ದ, ವೈರು ಇತ್ತು, ಜನರೇಟರ್ ಇತ್ತು. ಡಿಶ್ ತಿರುಗಿಸಿ ತಿರುಗಿಸಿ ದೂರದರ್ಶನ ಹಿಡಿದವನು ಅವನೇ. ವಿಘ್ನೇಶ್ವರ ಪಕ್ಕದಲ್ಲೇ ಇದ್ದದ್ದಕ್ಕೆ ನನ್ನ ಮಾನ ಉಳಿಯಿತು.

ಆ ದಿನ ಬೆಳಗ್ಗೆ ತಾಲ್ಲೂಕು ಮಟ್ಟದ ಶಿಕ್ಷಕರ ದಿನಾಚರಣೆ. ಎಲ್ಲ ಟೀಚರೂ ಹೋಗಬೇಕು. ಈ ಕಡೆ ಮೂರು ಗಂಟೆಗೆ ಎಲ್ಲ ಟೀಚರೂ ಶಾಲೆಯಲ್ಲಿ ಇರಬೇಕು. ಎರಡೂ ಆದೇಶ ಕೊಟ್ಟವರು ಒಂದೇ ಕಟ್ಟಡದವರು. ಹೊಸಬ ಮೇಷ್ಟ್ರೊಬ್ಬರನ್ನು ಮಕ್ಕಳ ಜೊತೆ ಬಿಟ್ಟು ನಾವು ಮೂವರು ಹೋದೆವು. ಅಲ್ಲಿ ರಾಧಾಕೃಷ್ಣನ್ ಫೋಟೋಗೆ ಹೂ ಹಾಕಿ, ಆದರ್ಶ ಶಿಕ್ಷಕರಿಗೆ ಶಾಲು ಹೊದಿಸುವ ಹೊತ್ತಿಗೆ ಒಂದೂವರೆ. ವಂದನಾರ್ಪಣೆಗೆ ಕಾಯದೆ, ಊಟದ ಎಲೆಯನ್ನೂ ನೋಡದೆ ಬಸ್ ಹತ್ತಿದೆ. ಶಿಕ್ಷಕರ ದಿನ ಒಬ್ಬ ಶಿಕ್ಷಕಿ ಹಸಿದ ಹೊಟ್ಟೆಯಲ್ಲಿ ಬಸ್ಸಿನಲ್ಲಿ ನಿಂತು ಬಂದಳು, ಬೇರೆ ಏನೂ ಇಲ್ಲ.

ಶಾಲೆಗೆ ಬಂದರೆ 81ರಲ್ಲಿ 58 ಮಕ್ಕಳು. ಮಿಕ್ಕವರು ಎಲ್ಲಿ? ಹೊಲದಲ್ಲಿ. ನಮ್ಮ ಕಡೆ ಚೆಂಡುಹೂವಿನ ಕಾಲ ಅದು. ಸೆಪ್ಟೆಂಬರ್ 7ಕ್ಕೆ ತಿರುವೋಣಂ. ಓಣಂ ಅಂದರೆ ಗುಂಡ್ಲುಪೇಟೆಯ ಹೂವೆಲ್ಲ ಗಾಡಿ ಹತ್ತಿ ಕೇರಳಕ್ಕೆ ಇಳಿಯುತ್ತದೆ. ಆ ನಾಲ್ಕೈದು ದಿನ ಸಿಗುವ ರೇಟು ಮತ್ತೆ ಸಿಗುವುದಿಲ್ಲ. ಹೂ ಕೀಳಲು ಕೈ ಎಷ್ಟಿದ್ದರೂ ಸಾಲದು, ಸಣ್ಣ ಕೈಗಳೂ ಬೇಕು. ಬಂದಿದ್ದ ಮಕ್ಕಳಲ್ಲೂ ಅರ್ಧ ಜನ ಬೆಳಗಿನ ಜಾವವೇ ಹೂ ಕಿತ್ತು ಬಂದವರು. ಬೆರಳೆಲ್ಲ ಹಸಿರುಗಪ್ಪು, ಆ ಘಾಟು ವಾಸನೆ ಕ್ಲಾಸಿನ ತುಂಬ.

ಎರಡನೆಯ ಪಾರ್ಟಿಯವರು ಅಷ್ಟು ಹೊತ್ತಿಗೆ ಬಂದು ಟಿವಿಗೆ ಒಂದು ಮೊಳ ದಪ್ಪದ ಚೆಂಡುಹೂವಿನ ಹಾರ ಹಾಕಿ ಹೋಗಿದ್ದರು. ಊದಿನಕಡ್ಡಿ ಬೇರೆ. ನಾನು ಊದಿನಕಡ್ಡಿ ತೆಗೆಸಿದೆ. ಹಾರ ತೆಗೆಸಲಿಲ್ಲ. ತೆಗೆದರೆ ಒಂದು ಕಥೆ, ಬಿಟ್ಟರೆ ಒಂದು ಕಥೆ. ಬಿಟ್ಟೆ. ಪರದೆಯ ಮೇಲಿನ ಎರಡು ಮೂಲೆಗೂ ಹೂ ಇಳಿಬಿದ್ದು, ಮಾತಾಡುವವರೆಲ್ಲ ಪೆಂಡಾಲ್ ಒಳಗಿಂದ ಮಾತಾಡಿದ ಹಾಗೆ ಕಾಣುತ್ತಿದ್ದರು.

ಮೂರಕ್ಕೆ ಶುರುವಾಯಿತು. ಹಿಂದಿಯಲ್ಲಿ.

ನಮ್ಮ ಮಕ್ಕಳಿಗೆ ಹಿಂದಿ ಶುರುವಾಗುವುದೇ ಆರನೇ ಕ್ಲಾಸಿಗೆ. ಏಳನೆಯವರಿಗೆ 'ಮೇರಾ ನಾಮ್' ತನಕ ಬರುತ್ತಿತ್ತು. ಐದನೆಯವರಿಗೆ ಅದೂ ಇಲ್ಲ. ಮೊದಲ ನಿಮಿಷಗಳಲ್ಲೇ ಒಬ್ಬ ಎದ್ದು, "ಮಿಸ್, ನಮ್ಮುನ್ನ ಬಚ್ಚಾ ಅಂತವ್ರ" ಅಂದ. ನಮ್ಮ ಕಡೆ ಜಗಳದಲ್ಲಿ ಹೇಳುವ ಮಾತು ಅದು. ಎಲ್ಲರೂ ಗೊಳ್ಳೆಂದರು. ನಾನು ಹಳೇ ಕಾಲದಲ್ಲಿ ಹಿಂದಿಯ ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆ ಕಟ್ಟಿ ಪಾಸು ಮಾಡಿದವಳು. ಕುರ್ಚಿ ಎಳೆದುಕೊಂಡು ಟಿವಿ ಪಕ್ಕ ಕೂತೆ. ಅವರು ನಾಲ್ಕು ಮಾತು ಹೇಳಿದರೆ ನಾನು ಒಂದು ಹೇಳುವುದು. ಒಂದು ಮುಕ್ಕಾಲು ಗಂಟೆ ಹೀಗೆ ಮಾಡಿ ನೋಡಿ, ಗಂಟಲು ಏನಾಗುತ್ತದೆ ಅಂತ.

ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಮನುಷ್ಯ ಮಕ್ಕಳ ಜೊತೆ ಮಾತಾಡಬಲ್ಲವರು. ದಿನಕ್ಕೆ ನಾಲ್ಕು ಸಲ ಮೈ ಬೆವರುವ ಹಾಗೆ ಆಡುವವರು ನಿಮ್ಮಲ್ಲಿ ಎಷ್ಟು ಜನ ಅಂತ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ನಮ್ಮ 58 ಕೈಗಳೂ ಮೇಲೆದ್ದವು. ಆಡಿ ಅಲ್ಲ, ಹೂ ಕಿತ್ತು. ಆ ಪ್ರಶ್ನೆ ನಗರದ ಮಕ್ಕಳಿಗೆ ಅಂತ ಅವಕ್ಕೇನು ಗೊತ್ತು?

ಆಮೇಲೆ ಜಪಾನಿನ ಮಾತು ಬಂತು. ಅದೇ ವಾರ ಅವರು ಅಲ್ಲಿಗೆ ಹೋಗಿ ಬಂದಿದ್ದರು. ಅಲ್ಲಿ ಟೀಚರು ಮಕ್ಕಳು ಸೇರಿ ಶಾಲೆಯ ಶೌಚಾಲಯ ತೊಳೆಯುತ್ತಾರೆ, ನಮ್ಮಲ್ಲಿ ಯಾಕಾಗಬಾರದು ಅಂದರು. ಒಳ್ಳೆಯ ಮಾತೇ. ನಾನು ಮಾತ್ರ ಅದನ್ನು ಅನುವಾದ ಮಾಡಲಿಲ್ಲ. ಬೇಕೆಂತಲೇ ನುಂಗಿಕೊಂಡೆ. ನನ್ನ ಸರ್ವೀಸಿನಲ್ಲಿ ಮೂರು ಶಾಲೆ ಕಂಡಿದ್ದೇನೆ. 'ಮಕ್ಕಳೇ, ಯಾರಾದ್ರೂ ಬಂದು ತೊಳೀರಿ' ಅಂದರೆ ಪೊರಕೆ ಯಾರ ಕೈಗೆ ಹೋಗುತ್ತದೆ ಅಂತ ನನಗೆ ಗೊತ್ತು. ಪ್ರತಿ ಸಲ ಅದೇ ಬೀದಿಯ ಮಕ್ಕಳ ಕೈಗೆ. 2023ರ ಕೊನೆಯಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ, ಆವತ್ತು ನುಂಗಿದ್ದು ಸರಿಯಾಯಿತು ಅನ್ನಿಸಿತು. ಟೀಚರಿಗೆ ನುಂಗುವ ಅಧಿಕಾರ ಇದೆಯಾ ಅಂತ ಕೇಳಿದರೆ, ಇಲ್ಲ. ಆದರೂ ನುಂಗಿದೆ.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಸೌಂಡ್ ಸರ್ವೀಸಿನ ಹುಡುಗ ಜನರೇಟರ್‌ಗೆ ಡೀಸೆಲ್ ತರಲು ಓಡಿದ. ಹತ್ತು ನಿಮಿಷ ಸಿಕ್ಕಿತು. ಮೂವರು ಹೆಣ್ಣುಮಕ್ಕಳು ಶೌಚಾಲಯಕ್ಕೆ ಅಂತ ಎದ್ದರು. ನಮ್ಮ ಶೌಚಾಲಯಕ್ಕೆ ಬಾಗಿಲಿತ್ತು, ಬೀಗವಿತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನೀರು ಇರಲಿಲ್ಲ. ಅಡುಗೆಮನೆಯ ತೊಟ್ಟಿಯಿಂದ ಬಕೆಟ್‌ನಲ್ಲಿ ಹೊತ್ತುಕೊಂಡು ಹೋಗಬೇಕು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಅಷ್ಟರಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಿ ಮುಖ ತೊಳೆಸಿ ಮನೆಗೆ ಕಳಿಸಿಬಿಟ್ಟೆ. ಉಳಿದವರು 39.

ಕರೆಂಟ್ ಇಲ್ಲದ ಆ ಹತ್ತು ನಿಮಿಷದಲ್ಲಿ ಮಕ್ಕಳು ನನ್ನನ್ನು ಕೇಳಿದ ಪ್ರಶ್ನೆಗಳು: ಪ್ರಧಾನಿಗೆ ಕನ್ನಡ ಯಾಕೆ ಬರಲ್ಲ? ಅವರು ಎಷ್ಟನೇ ಕ್ಲಾಸಿಗೆ ಪಾಠ ಮಾಡ್ತಾರೆ? ನಮ್ಮೂರಿಗೂ ಬರ್ತಾರಾ? ಬಂದರೆ ಹೂವಿಗೆ ರೇಟು ಹೇಳ್ತಾರಾ? ಕೊನೆಯದನ್ನು ಕೇಳಿದವನು ಆರನೇ ಕ್ಲಾಸಿನವನು. ತಮಾಷೆಗೆ ಕೇಳಿದ್ದಲ್ಲ.

ಜನರೇಟರ್ ಶುರುವಾದ ಮೇಲೆ ಅದರ ಗದ್ದಲದಲ್ಲಿ ಅರ್ಧ ಮಾತು ನನಗೇ ಕೇಳಲಿಲ್ಲ. ಪ್ರಶ್ನೋತ್ತರ ಬಂದಿತ್ತು. ಬೇರೆ ಬೇರೆ ಊರಿನ ಮಕ್ಕಳು ಪರದೆಯಲ್ಲಿ ಬಂದು ಕೇಳುತ್ತಿದ್ದರು. ಇಂಫಾಲದ ಹುಡುಗನೊಬ್ಬ, ನಾನು ಪ್ರಧಾನಿ ಆಗುವುದು ಹೇಗೆ ಅಂದ. 2024ರ ಚುನಾವಣೆಗೆ ತಯಾರಿ ಮಾಡು, ಅಲ್ಲಿಯವರೆಗೆ ನನಗೇನೂ ಭಯವಿಲ್ಲ ಅಂದ ಹಾಗಾಯಿತು ಅಂತ ಮೋದಿ ನಕ್ಕರು. ಸಭೆಯೂ ನಕ್ಕಿತು. ನಮ್ಮಲ್ಲಿ ಏಳನೇ ಕ್ಲಾಸಿನ ಒಬ್ಬಳು ನಗಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. "ಮಿಸ್, ನಂಗೆ 22 ಆಯ್ತದ. ಆಗಬಹುದಾ?" ಲೋಕಸಭೆಗೆ ನಿಲ್ಲಲು 25 ತುಂಬಿರಬೇಕು ಅಂತ ಹೇಳಿದೆ. "ಮತ್ತೆ ಅವ್ರು ಆ ಹುಡ್ಗನ್ಗೆ ಸುಮ್ನೆ ಹೇಳಿದ್ರಾ?" ಅಂದಳು. ಅವನ ವಯಸ್ಸು ನಮಗೆ ಗೊತ್ತಿಲ್ಲವಲ್ಲ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಹಾಗಾದ್ರೆ ನಂದು 2029 ಅಂತ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಳು. ಈಗ ಮೈಸೂರಿನಲ್ಲಿ ನರ್ಸಿಂಗ್ ಮಾಡಿ ಕೆಲಸದಲ್ಲಿದ್ದಾಳೆ. ಸಿಕ್ಕಾಗಲೆಲ್ಲ ನಾನು, "ಏನಮ್ಮ, ತಯಾರಿ ಹೇಗಿದೆ?" ಅಂತ ಕೇಳುತ್ತೇನೆ.

ಇನ್ನೊಬ್ಬ ಹುಡುಗ, ನೀವು ಚಿಕ್ಕವರಿದ್ದಾಗ ತುಂಟತನ ಮಾಡಿದ್ದೀರಾ ಅಂದ. ಮೋದಿ ಖುಷಿಯಾಗಿ ಹೇಳಿದರು. ಮದುವೆಯಲ್ಲಿ ಶಹನಾಯಿ ಊದುವವರ ಎದುರು ಹೋಗಿ ಹುಣಸೆಹಣ್ಣು ತೋರಿಸುತ್ತಿದ್ದರಂತೆ. ನೋಡಿದ ಕೂಡಲೇ ಬಾಯಲ್ಲಿ ನೀರು ಬಂದು ಊದಲು ಆಗುತ್ತಿರಲಿಲ್ಲವಂತೆ, ಅವರು ಅಟ್ಟಿಸಿಕೊಂಡು ಬರುತ್ತಿದ್ದರಂತೆ. ಮದುವೆಗೆ ಬಂದವರ ಬಟ್ಟೆಗೆ ಬಟ್ಟೆ ಸೇರಿಸಿ ಸ್ಟೇಪ್ಲರ್ ಹೊಡೆದದ್ದೂ ಹೇಳಿದರು. ನೀವು ಹೀಗೆ ಮಾಡಬಾರದು ಅಂತ ಮಾತು ತಗೊಂಡರು.

ನಾನು ಶಹನಾಯಿ ಅನ್ನಲಿಲ್ಲ. ಓಲಗ ಅಂದೆ. ಅಷ್ಟು ಹೊತ್ತು ತೂಕಡಿಸುತ್ತಿದ್ದ ಕ್ಲಾಸು ಒಂದೇ ಸಲಕ್ಕೆ ಎದ್ದು ಕೂತಿತು. ಹುಣಸೆಮರ ಶಾಲೆ ಎದುರಿಗೇ ಇದೆ. ಓಲಗ ಎಲ್ಲರೂ ಕೇಳಿದ್ದು. ಮೊದಲ ಸಲ ಆ ಟಿವಿಯಿಂದ ಅವರ ಊರಿನದೇ ಒಂದು ವಿಷಯ ಹೊರಗೆ ಬಂದಿತ್ತು. ಎಷ್ಟು ನಕ್ಕರು ಅಂದರೆ ಹೊರಗೆ ಜನರೇಟರ್ ಹತ್ತಿರ ಇದ್ದವನು ಬಂದು ಇಣುಕಿದ. ನಾನೂ ನಕ್ಕೆ.

ಆಗ ಕಿಟಕಿ ಪಕ್ಕ ಕೂತಿದ್ದ ಐದನೇ ಕ್ಲಾಸಿನ ಹುಡುಗನ ಮೇಲೆ ಕಣ್ಣು ಬಿತ್ತು. ನಗುತ್ತಿರಲಿಲ್ಲ. ಕಾಲಿನ ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತಿದ್ದ. ಅವನ ಪಕ್ಕದವನು ಅವನನ್ನು ಮೊಣಕೈಯಲ್ಲಿ ತಿವಿದು, ಬಾಯಿಗೆ ಕೈ ಇಟ್ಟು ಓಲಗ ಊದಿದ ಹಾಗೆ ಮಾಡಿ ತೋರಿಸುತ್ತಿದ್ದ. ಅವನ ಅಪ್ಪ ಓಲಗದವನು.

"ನಮ್ಮಪ್ಪನ್ಗೂ ಹಂಗೇ ಮಾಡ್ತರ ಮಿಸ್," ಅಂದ. ಮೆಲ್ಲಗೆ. ನನಗೊಬ್ಬಳಿಗೇ ಕೇಳುವ ಹಾಗೆ.

ಪರದೆಯಲ್ಲಿ ಮುಂದಿನ ಪ್ರಶ್ನೆ ಬಂದಾಗಿತ್ತು. ಅಸ್ಸಾಮಿನ ಮಗು ಹವಾಮಾನದ ವಿಚಾರ ಏನೋ ಕೇಳುತ್ತಿತ್ತು. ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಲ್ಲಿ ವಾತಾವರಣ ಬದಲಾಗಿಲ್ಲ, ನಾವು ಬದಲಾಗಿದ್ದೇವೆ ಅಂತ ಉತ್ತರ ಕೊಟ್ಟರು ಅಂತ ಆಮೇಲೆ ಪೇಪರಿನಲ್ಲಿ ದೊಡ್ಡ ಚರ್ಚೆ ಆಯಿತು. ನಮ್ಮ ಕ್ಲಾಸಿನಲ್ಲಿ ಅದರ ಅನುವಾದ ಆಗಲೇ ಇಲ್ಲ. ಉಳಿದ ಹದಿನೈದು ಇಪ್ಪತ್ತು ನಿಮಿಷ ನಾನು ಒಂದು ಮಾತೂ ಕನ್ನಡಕ್ಕೆ ತರಲಿಲ್ಲ. ಮಕ್ಕಳೂ ಕೇಳಲಿಲ್ಲ. ಹುಣಸೆಹಣ್ಣಿನಲ್ಲೇ ಇದ್ದರು.

4.45ಕ್ಕೆ ಮುಗಿಯಿತು. ಟಿವಿಗೆ ಮತ್ತೆ ಕಂಬಳಿ ಸುತ್ತಿದೆವು. ಹಾರವನ್ನು ಅಡುಗೆ ಅಕ್ಕ ಬಿಚ್ಚಿಕೊಂಡು ಹೋಗಿ ಗಣಪತಿಗೆ ಹಾಕಿದಳಂತೆ. ನಾನು ನಮೂನೆ ತುಂಬಿದೆ. ಗಂಡು 27, ಹೆಣ್ಣು 31, ಒಟ್ಟು 58. ಉಪಕರಣ: ಟಿವಿ. ಕೊನೆವರೆಗೆ ಕೂತವರು 39 ಅಂತ ಬರೆಯಲು ಪೆನ್ನು ಎತ್ತಿ ಇಳಿಸಿದೆ. ಸುಳ್ಳು ಬರೆದೆ ಅನ್ನಿ, ಇಲ್ಲ ಶುರುವಿನ ಲೆಕ್ಕ ಬರೆದೆ ಅನ್ನಿ. ಅದನ್ನು ಯಾರೂ ತಿರುಗಿ ಕೇಳಲಿಲ್ಲ.

ಮೊನ್ನೆ ಫೋನಿನಲ್ಲಿ ಆ ಮೇಡಂಗೆ ಹೇಳಿದ್ದು ಇಷ್ಟೇ: ಸಣ್ಣವರನ್ನು ಕೂರಿಸಬೇಡ, ಮೊದಲೇ ಶೌಚಾಲಯಕ್ಕೆ ಕಳಿಸು, ನೀನು ಪರದೆ ನೋಡಬೇಡ, ಮಕ್ಕಳ ಮುಖ ನೋಡು. ಅವಳು, "ಫೋಟೋ ಯಾರು ತೆಗೀತಾರೆ ಮತ್ತೆ ಮೇಡಂ?" ಅಂದಳು. ಅದೂ ಸರಿಯೇ. ನಮ್ಮ ಕಾಲದಲ್ಲಿ ಕಾಗದಕ್ಕೆ ಸಹಿ ಹಾಕಿದರೆ ಮುಗಿಯುತ್ತಿತ್ತು.

2014ರ ಆ ಸೋಮವಾರ, ಸೆಪ್ಟೆಂಬರ್ 8, ಸಂಜೆ ಗಣಪತಿ ಬಿಡುವ ಮೆರವಣಿಗೆ. ಕಿಟಕಿ ಪಕ್ಕ ಕೂತಿದ್ದ ಆ ಹುಡುಗನ ಅಪ್ಪನದೇ ಓಲಗ. ಮಧ್ಯಾಹ್ನ ಪೆಂಡಾಲ್ ಹತ್ತಿರ ಬಂದಿದ್ದವನನ್ನು ಶಾಲೆಗೆ ಕರೆದೆ. ಮೊದಲು ಹೊರಗೇ ನಿಂತ. ಬಾ ಅಂತ ಎರಡು ಸಲ ಕರೆದ ಮೇಲೆ ಜಗಲಿಗೆ ಬಂದ. ಬಟ್ಟೆ ಚೀಲ ಬಿಚ್ಚಿ ಓಲಗ ತೆಗೆದು, ಬಾಯಿಗೆ ಇಡುವ ಆ ಸಣ್ಣ ಪೀಪಿಯನ್ನು ಮಕ್ಕಳಿಗೆ ತೋರಿಸಿದ. ಅದನ್ನು ಎಂಜಲಲ್ಲಿ ನೆನೆಸದೆ ಸ್ವರ ಬರಲ್ಲ, ಜಾಸ್ತಿ ನೆನೆದರೂ ಬರಲ್ಲ ಅಂದ. ಹಿಂದಿನ ಶುಕ್ರವಾರ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಏಳನೆಯವನೊಬ್ಬ ಓಡಿಹೋಗಿ ಎಳೇ ಹುಣಸೆಕಾಯಿ ಕಿತ್ತು ತಂದು, ಅವನ ಮೂಗಿನ ನೇರಕ್ಕೆ ಹಿಡಿದು ಕಚ್ಚಿದ. ನಾನು ಗದರಿಸಲು ಹೋದೆ. ಓಲಗದವನು ಬಿಡಿ ಅನ್ನುವ ಹಾಗೆ ಕೈ ಮಾಡಿ ಊದಲು ಶುರು ಮಾಡಿದ. ಕಚ್ಚಿದ ಹುಡುಗನ ಮುಖವೇ ಹುಳಿಗೆ ಕಿವುಚಿಕೊಂಡಿತು. ಸ್ವರ ಒಂದಿಷ್ಟೂ ಅಲುಗಲಿಲ್ಲ.

ಊದಿ ಮುಗಿಸಿ ತುಟಿ ಒರೆಸಿಕೊಂಡು ಹೇಳಿದ:

"ಹುಣ್ಸೆಹಣ್ಣು ಕಲಿಯೋ ಹುಡುಗ್ರಿಗೆ ಕನ ಮೇಡಮ್ಮೋರೆ. ನಮ್ಗೆ ಬಾಯಲ್ಲಿ ನೀರು ಬರಾದು ಊಟದ ಪಂಕ್ತಿ ಕಂಡಾಗ. ನಮ್ಗೆ ಕೊನೇಲಿ ತಾನೆ ಎಲೆ ಹಾಕಾದು."

ಈ ಸಲ ಮೊದಲು ನಕ್ಕಿದ್ದು ಅವನ ಮಗನೇ. ಮಿಕ್ಕವರು ನಗಬೇಕೋ ಬೇಡವೋ ಅಂತ ನನ್ನ ಮುಖ ನೋಡಿದರು.

ನಾನು ಬೆಲ್ ಹೊಡೆಸಿದೆ.